ಫೋಟೋಗ್ರಾಫರ್ ಪರಿಚಯದಲ್ಲಿ ಅಸೈನ್‌ಮೆಂಟ್ ಮೊದಲೋ, ಪ್ರಶಸ್ತಿ ಮೊದಲೋ?

ನೀವು ಕೇಳಿದ್ದು ಇಷ್ಟು: ಆರು ವರ್ಷದಿಂದ ಫೋಟೋಗ್ರಫಿಯೇ ನಿಮ್ಮ ವೃತ್ತಿ. ಪೋರ್ಟ್‌ಫೋಲಿಯೊ ಜೊತೆ ಕಳಿಸಲು ಒಂದು ಪುಟದ ಪರಿಚಯ ಬರೆಯಬೇಕು. ಇತ್ತೀಚಿನ ಅಸೈನ್‌ಮೆಂಟ್‌ಗಳು, ಅಚ್ಚಾದ ಚಿತ್ರಗಳು, ಪ್ರಶಸ್ತಿಗಳು, ಇವುಗಳಲ್ಲಿ ಯಾವುದನ್ನು ಮೊದಲು ಹಾಕಬೇಕು? ಹೇಳಿಕೊಳ್ಳುವಂಥ ಪ್ರಶಸ್ತಿ ಇಲ್ಲದಿದ್ದರೆ ಕೆಲಸ ಸಿಗುವುದೇ ಇಲ್ಲವೇ?

ಅಸೈನ್‌ಮೆಂಟ್ ಮೊದಲು ಹಾಕಿ. ನಾನು ಹದಿನೆಂಟು ವರ್ಷ ಕ್ಯಾಮೆರಾ ಹಿಡಿದು ದುಡಿದವನು. ಈಗ ಐದು ವರ್ಷದಿಂದ ಒಂದು ಪತ್ರಿಕೆಗೆ ಚಿತ್ರ ಆರಿಸುವ, ಫೋಟೋಗ್ರಾಫರ್‌ಗಳಿಗೆ ಕೆಲಸ ಹಂಚುವ ಹೊಣೆಯೂ ನನ್ನದೇ. ಪರಿಚಯ ಪತ್ರ ಕೈಗೆ ಬಂದಾಗ ನನ್ನ ತಲೆಯಲ್ಲಿರುವುದು ಒಂದೇ ಯೋಚನೆ: ಇವರನ್ನು ಗುರುತು ಪರಿಚಯ ಇಲ್ಲದ ಜಾಗಕ್ಕೆ, ಎರಡೇ ಗಂಟೆ ಸಮಯ ಕೊಟ್ಟು ಕಳಿಸಿದರೆ ಚಿತ್ರ ತಂದುಕೊಡುತ್ತಾರಾ? ಪ್ರಶಸ್ತಿ ಬಂದ ಚಿತ್ರದಿಂದ ಅದು ಗೊತ್ತಾಗುವುದಿಲ್ಲ. ಅದನ್ನು ನೀವು ನಿಮಗೆ ಬೇಕಾದ ಬೆಳಕಿಗಾಗಿ ತಿಂಗಳುಗಟ್ಟಲೆ ಕಾದು ತೆಗೆದಿರಬಹುದು. ಅಸೈನ್‌ಮೆಂಟ್‌ನಲ್ಲಿ ಹಾಗೆ ಕಾಯಲು ಯಾರೂ ಬಿಡುವುದಿಲ್ಲ.

ಆದರೆ ಬರೆಯುವ ರೀತಿ ಮುಖ್ಯ. ನನ್ನ ಹಳೆಯ ಪರಿಚಯದಲ್ಲಿ 'ಹಲವು ಪ್ರತಿಷ್ಠಿತ ಸಂಸ್ಥೆಗಳಿಗೆ ಕೈಗಾರಿಕಾ ಛಾಯಾಗ್ರಹಣ' ಎಂಬ ಸಾಲಿತ್ತು. ಅದನ್ನು ಓದಿ ಒಬ್ಬರೂ ಫೋನ್ ಮಾಡಲಿಲ್ಲ. ಆಮೇಲೆ ಅದನ್ನು ತೆಗೆದು, 'ಎರಕದ ಕಾರ್ಖಾನೆಯ ವಾರ್ಷಿಕ ವರದಿಗೆ 12 ಚಿತ್ರ. ಎರಡು ಪಾಳಿ, ಉತ್ಪಾದನೆ ನಿಲ್ಲಿಸದೆ, ಫ್ಲ್ಯಾಶ್ ಇಲ್ಲದೆ' ಎಂದು ಬರೆದೆ. ಕೆಲಸ ಕೊಡುವವರು ಇದನ್ನು ಓದಿದರೆ ಸಾಕು, ಅಲ್ಲಿ ಏನು ಕಷ್ಟ ಇತ್ತು ಅಂತ ಅವರಿಗೇ ಗೊತ್ತಾಗುತ್ತದೆ. ಕರಗಿದ ಕಬ್ಬಿಣಕ್ಕೆ ಎಕ್ಸ್‌ಪೋಶರ್ ಹೊಂದಿಸಿದರೆ ಪಕ್ಕದಲ್ಲಿ ನಿಂತ ಮನುಷ್ಯ ಪೂರ್ತಿ ಕಪ್ಪು. ಮನುಷ್ಯನ ಮುಖಕ್ಕೆ ಹೊಂದಿಸಿದರೆ ಕಬ್ಬಿಣ ಬರೀ ಬಿಳಿ ಕಲೆ. ಮೊದಲ ಪಾಳಿ ಇಡೀ ನಾನು ಇದರಲ್ಲೇ ಒದ್ದಾಡಿದೆ. ಎರಡನೇ ಪಾಳಿಯಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು: ಲೋಹ ಅಚ್ಚಿನ ಬಾಯಿಗೆ ತುಂಬಿ ಬರುವ ಒಂದೆರಡು ಕ್ಷಣ ಬೆಳಕು ಕೆಳಗಿನಿಂದ ಮೇಲಕ್ಕೆ ಹಾಯ್ದು ಮುಖಗಳನ್ನು ಬೆಳಗುತ್ತದೆ. ಸುರಕ್ಷತಾ ಕನ್ನಡಕ ಇಲ್ಲದ ಒಬ್ಬರೂ ಚಿತ್ರದಲ್ಲಿ ಕಾಣಬಾರದು ಎನ್ನುವುದು ಕಾರ್ಖಾನೆಯವರ ಷರತ್ತು. ಕಣ್ಣು ಮುಚ್ಚಿಹೋಗುತ್ತದಲ್ಲ ಎಂದು ನನಗೆ ಬೇಸರವಾಗಿತ್ತು. ಕೊನೆಗೆ ಆ ಕನ್ನಡಕದ ಎರಡೂ ಗಾಜಿನಲ್ಲಿ ಲೋಹದ ಧಾರೆ ತೆಳ್ಳಗೆ, ಕೆಂಪಗೆ ಮೂಡಿದ ಚಿತ್ರವೇ ವರದಿಯ ಮುಖಪುಟವಾಯಿತು. ನನ್ನ ಪರಿಚಯದಲ್ಲಿ ಇವತ್ತಿಗೂ ಆ ಚಿತ್ರ ಇದೆ. ಅದಕ್ಕೆ ಯಾವ ಪ್ರಶಸ್ತಿಯೂ ಬಂದಿಲ್ಲ.

ಹೀಗೆ ಐದಾರು ಅಸೈನ್‌ಮೆಂಟ್ ಸಾಕು. ಹೆಚ್ಚಿನವು ಕಳೆದ ಎರಡು ಮೂರು ವರ್ಷದೊಳಗಿನವು ಇರಲಿ. ಕೆಲಸ ಕೊಟ್ಟವರು ಇನ್ನೂ ಹೊರಗೆ ಬಿಡದ ಚಿತ್ರಗಳನ್ನು ಮಾತ್ರ ಅವರನ್ನು ಕೇಳದೆ ಹಾಕಬೇಡಿ.

ಹಾಕುವ ಮೊದಲು ಹಕ್ಕು ಯಾರದ್ದೆಂದೂ ಒಪ್ಪಂದ ತೆಗೆದು ನೋಡಿ. ಕೆಲವು ದೇಶಗಳ ಕಾನೂನಿನಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ಹಣ ಕೊಟ್ಟು ತೆಗೆಸಿದವರೇ ಹಕ್ಕುಸ್ವಾಮ್ಯದ ಮೊದಲ ಒಡೆಯರು, ಇನ್ನು ಕೆಲವು ಕಡೆ ತೆಗೆದವರು. 1947ರಲ್ಲಿ ಫೋಟೋಗ್ರಾಫರ್‌ಗಳಾದ ರಾಬರ್ಟ್ ಕಾಪಾ, ಆನ್ರಿ ಕಾರ್ತಿಯೇ-ಬ್ರೆಸ್ಸೋನ್ ಮತ್ತು ಸಂಗಡಿಗರು ಮ್ಯಾಗ್ನಮ್ ಎಂಬ ತಮ್ಮದೇ ಚಿತ್ರಸಂಸ್ಥೆ ಕಟ್ಟಿದ್ದಕ್ಕೆ ದೊಡ್ಡ ಕಾರಣವೇ ಇದು: ಪತ್ರಿಕೆಗಾಗಿ ತೆಗೆದರೂ ಚಿತ್ರದ ಹಕ್ಕು ತೆಗೆದವರ ಬಳಿಯೇ ಉಳಿಯಬೇಕು. ಇದಕ್ಕೆ ವ್ಯತಿರಿಕ್ತವಾಗಿ, ಅಮೆರಿಕದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ 1936ರಲ್ಲಿ ತೆಗೆದ ವಲಸೆ ತಾಯಿಯ ಪ್ರಸಿದ್ಧ ಚಿತ್ರ ಅಮೆರಿಕ ಸರ್ಕಾರದ ಕೆಲಸವಾಗಿದ್ದರಿಂದ ಅದು ಸಾರ್ವಜನಿಕ ಸ್ವತ್ತು, ಯಾರು ಬೇಕಾದರೂ ಅಚ್ಚು ಹಾಕಬಹುದು.

ಪ್ರಕಟವಾದ ಚಿತ್ರಗಳ ವಿಷಯಕ್ಕೆ ಬಂದರೆ, ಪತ್ರಿಕೆಯ ಹೆಸರು, ತಿಂಗಳು, ವರ್ಷ, ಮುಖಪುಟವೋ ಒಳಪುಟವೋ, ಇಷ್ಟನ್ನು ಬರೆದು ಅಚ್ಚಾದ ಪುಟದ ಪ್ರತಿಯನ್ನೇ ಇಡಿ. ಅಡಿಬರಹ ಸರಿಯಾಗಿರಲಿ. 2015ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಬೆಲ್ಜಿಯಂನ ಶಾರ್ಲ್‌ರುವಾ ಊರಿನ ಬಗೆಗಿನ ಒಂದು ಚಿತ್ರಸರಣಿಗೆ ಬಂದ ಬಹುಮಾನವನ್ನು ವಾಪಸ್ ಪಡೆದರು. ಅದರಲ್ಲಿನ ಒಂದು ಚಿತ್ರ ಆ ಊರಿನದ್ದಲ್ಲ, ಬ್ರಸೆಲ್ಸ್‌ನದ್ದು ಎಂದು ಗೊತ್ತಾಗಿತ್ತು. ಹೆಸರು, ದಿನಾಂಕ, ಸ್ಥಳ, ಅಡಿಬರಹ ಎಲ್ಲವನ್ನೂ ಫೈಲ್‌ನ ಐಪಿಟಿಸಿ ಮೆಟಾಡೇಟಾದಲ್ಲಿ (ಚಿತ್ರದ ಫೈಲ್‌ನೊಳಗೇ ಉಳಿಯುವ ವಿವರಗಳಲ್ಲಿ) ತುಂಬಿಯೇ ಕಳಿಸುವುದು ನನ್ನ ರೂಢಿ. ಸಾಮಾಜಿಕ ಜಾಲತಾಣಗಳಿಗೆ ಏರಿಸುವಾಗ ಇದು ಎಷ್ಟೋ ಸಲ ಅಳಿಸಿಹೋಗುತ್ತದೆ. ಹಾಗಾಗಿ ಸಂಪಾದಕರಿಗೆ ಫೈಲನ್ನು ನೇರವಾಗಿ ಕಳಿಸಿ.

ಇನ್ನು ಪ್ರಶಸ್ತಿ. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ವೃತ್ತಿ ಶುರುಮಾಡಿದ ಕಾಲದಲ್ಲಿ ಒಂದು ಸ್ಪರ್ಧೆಯಲ್ಲಿ ನನ್ನ ಚಿತ್ರ ಮೆಚ್ಚುಗೆಯ ಪಟ್ಟಿಗೆ ಸೇರಿತ್ತು. ನಾನು 'ಪ್ರಶಸ್ತಿ ವಿಜೇತ' ಎಂದು ಬರೆದುಕೊಂಡೆ. ಒಬ್ಬ ಸಂಪಾದಕಿ ಎದುರಿಗೇ ಕೂತು ವಿಜೇತರ ಪಟ್ಟಿ ತೆಗೆದು ನೋಡಿದರು, ಏನೂ ಹೇಳದೆ ನನ್ನ ಪುಟವನ್ನು ವಾಪಸ್ ಕೊಟ್ಟರು. ಆ ಕೆಲಸ ಬೇರೆಯವರಿಗೆ ಹೋಯಿತು, ಹೋಗಬೇಕಾದ್ದೇ. ವಿಜೇತ, ಅಂತಿಮ ಸುತ್ತು, ಮೆಚ್ಚುಗೆ, ಸ್ಯಾಲನ್‌ನ (ಸ್ಪರ್ಧಾ ಪ್ರದರ್ಶನದ) ಅಕ್ಸೆಪ್ಟೆನ್ಸ್ ಅಂದರೆ ಪ್ರದರ್ಶನಕ್ಕೆ ಆಯ್ಕೆ, ಇವೆಲ್ಲ ಬೇರೆ ಬೇರೆ. ಇರುವುದನ್ನು ಇದ್ದ ಹಾಗೆ ಬರೆಯಿರಿ. ಎಎಫ್‌ಐಎಪಿ, ಇಎಫ್‌ಐಎಪಿ ಎಂದು ಹೆಸರಿನ ಮುಂದೆ ಹಾಕಿಕೊಳ್ಳುವುದೂ ಪ್ರಶಸ್ತಿಯಲ್ಲ, ಸ್ಯಾಲನ್‌ಗಳಲ್ಲಿ ಹಲವು ಚಿತ್ರ ಆಯ್ಕೆಯಾದ ಮೇಲೆ ಎಫ್‌ಐಎಪಿ ಎಂಬ ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟದಿಂದ ಸಿಗುವ ಗೌರವ. ಅದರ ಹಿಂದೆ ವರ್ಷಗಳ ದುಡಿಮೆ ಇದೆ, ಅದಕ್ಕೆ ಅದರದ್ದೇ ಬೆಲೆ ಇದೆ.

ದೊಡ್ಡ ಪ್ರಶಸ್ತಿಯನ್ನೂ ಈಗ ಯಾರೂ ಕಣ್ಣುಮುಚ್ಚಿ ನಂಬುವುದಿಲ್ಲ. ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ 2009ರ ವಿಜೇತ ಚಿತ್ರದಲ್ಲಿದ್ದ ತೋಳ ಬಹುಶಃ ಪಳಗಿಸಿದ್ದು ಎಂದು ತೀರ್ಪುಗಾರರಿಗೆ ಅನ್ನಿಸಿದ್ದರಿಂದ ಆ ಪ್ರಶಸ್ತಿ ರದ್ದಾಯಿತು, ತೆಗೆದವರು ಅದನ್ನು ಒಪ್ಪಲಿಲ್ಲ. 2023ರಲ್ಲಿ ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ನ ಒಂದು ವಿಭಾಗದಲ್ಲಿ ಗೆದ್ದ ಬೋರಿಸ್ ಎಲ್ಡಾಗ್ಸೆನ್, ತಾವು ಕಳಿಸಿದ್ದು ಎಐ ಬಳಸಿ ಮಾಡಿದ ಚಿತ್ರ ಎಂದು ಹೇಳಿ ಪ್ರಶಸ್ತಿ ನಿರಾಕರಿಸಿದರು. ಆದ್ದರಿಂದ ರಾ ಫೈಲ್‌ಗಳನ್ನು (ಕ್ಯಾಮೆರಾ ದಾಖಲಿಸಿದ ಮೂಲ ಫೈಲ್‌ಗಳನ್ನು) ಅಳಿಸಬೇಡಿ, ಆ ಚಿತ್ರದ ಹಿಂದು ಮುಂದಿನ ಫ್ರೇಮ್‌ಗಳನ್ನೂ ಇಟ್ಟುಕೊಳ್ಳಿ. ಯಾರಾದರೂ ಕೇಳಿದ ದಿನ ತೆಗೆದು ತೋರಿಸಬಹುದು.

ಶುಲ್ಕ ಕಟ್ಟಿಸಿಕೊಳ್ಳುವ ಸ್ಪರ್ಧೆಗಳಿಗೆಲ್ಲ ದುಡ್ಡು ಸುರಿಯುವ ಅಗತ್ಯವಿಲ್ಲ. ತೀರ್ಪುಗಾರರ ಹೆಸರು ಹೇಳದವು, ಸೋತ ಚಿತ್ರಗಳ ಬಳಕೆಯ ಹಕ್ಕನ್ನೂ ಕೇಳುವವು ಇವೆ. ಅವುಗಳಿಂದ ದೂರ ಇರಿ. ವರ್ಲ್ಡ್ ಪ್ರೆಸ್ ಫೋಟೋಗೆ ಪ್ರವೇಶ ಶುಲ್ಕವೇ ಇಲ್ಲ.

ಪ್ರಶಸ್ತಿ ಇಲ್ಲದಿದ್ದರೆ ಆ ಭಾಗವನ್ನೇ ಬಿಟ್ಟುಬಿಡಿ, ಕೆಲಸ ಹಂಚುವಾಗ ಅದು ಇಲ್ಲವಲ್ಲ ಎಂದು ನಾನು ಯಾರನ್ನೂ ಪಕ್ಕಕ್ಕಿಟ್ಟಿಲ್ಲ. ಪಕ್ಕಕ್ಕಿಟ್ಟಿರುವುದು 'ಇತ್ತೀಚಿನ ಕೆಲಸ' ಎಂಬ ತಲೆಬರಹದ ಕೆಳಗೆ ನಾಲ್ಕು ವರ್ಷ ಹಿಂದಿನ ಚಿತ್ರ ಇಟ್ಟವರನ್ನು. ಇವರು ಈಗ ಕೆಲಸ ಮಾಡುತ್ತಿದ್ದಾರೋ ಬಿಟ್ಟಿದ್ದಾರೋ ಅಂತಲೇ ತಿಳಿಯುವುದಿಲ್ಲ. ನಾಲ್ಕು ತಿಂಗಳಿಗೊಮ್ಮೆ ಕೂತು ಒಂದು ಹಳೆಯದನ್ನು ತೆಗೆದು ಒಂದು ಹೊಸದನ್ನು ಸೇರಿಸಿ, ಪುಟದ ಕೊನೆಯಲ್ಲಿ ಆ ತಿಂಗಳು, ವರ್ಷ ಬರೆಯಿರಿ.