ಮಾತ್ರೆ ಕೊಡುವವರಿಗೆ ಏನು ಕಲಿಸಬೇಕು?

ಪ್ರಶ್ನೆ: ನಮ್ಮ ವೃದ್ಧಾಶ್ರಮಕ್ಕೆ ಹೊಸದಾಗಿ ಮೂವರು ಸಹಾಯಕಿಯರು ಸೇರಿದ್ದಾರೆ. ಪಿಯುಸಿ ಓದಿದ್ದಾರೆ, ನರ್ಸಿಂಗ್ ಕಲಿತಿಲ್ಲ. ಔಷಧ ಕೊಡುವ ಕೆಲಸ ಒಪ್ಪಿಸಬಹುದೇ? ಎಲ್ಲಿಂದ ಕಲಿಸಲಿ? – ಓದುಗರು, ಹಾಸನ

ಉತ್ತರ: ಮಾತ್ರೆ, ಸಿರಪ್, ಕಣ್ಣಿನ ಹನಿ ಇಷ್ಟನ್ನು ಕಲಿಸಿ ಒಪ್ಪಿಸಬಹುದು. ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್ ನೋಂದಾಯಿತ ನರ್ಸ್‌ಗಳ ಕೆಲಸ. ‘ನೋಡಿ ಕಲಿತಿದ್ದಾಳೆ’ ಅಂತ ಬಿಡಬೇಡಿ.

ಕಾಯಿಲೆಗಳ ಪಾಠ ಆಮೇಲೆ ಇರಲಿ, ಮೊದಲು ಸ್ಟ್ರಿಪ್ ಓದಿಸಿ. ಬ್ರ್ಯಾಂಡ್ ಹೆಸರಷ್ಟೇ ನೋಡಿದರೆ ಸಾಲದು. ಔಷಧದ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಎಕ್ಸ್‌ಪೈರಿ, ಮೂರನ್ನೂ ಗಟ್ಟಿಯಾಗಿ ಓದಲಿ. ಅಂಗಡಿಯವರು ನಾಲ್ಕೇ ಮಾತ್ರೆ ಕತ್ತರಿಸಿ ಕೊಟ್ಟರೆ ಎಕ್ಸ್‌ಪೈರಿ ಇರುವ ತುದಿ ಅಲ್ಲೇ ಉಳಿದುಬಿಡುತ್ತದೆ. ಸಾಧ್ಯವಾದಷ್ಟೂ ಇಡೀ ಸ್ಟ್ರಿಪ್ಪನ್ನೇ ತರಿಸಿ. ಚೀಟಿಯ 1-0-1 ಅಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಓಡಿ (OD) ಅಂದರೆ ದಿನಕ್ಕೊಮ್ಮೆ, ಎಸ್‌ಓಎಸ್ ಅಂದರೆ ಬೇಕಾದಾಗ ಮಾತ್ರ. ‘ಬೇಕಾದಾಗ’ ಅಂದರೆ ಯಾವಾಗ, ದಿನಕ್ಕೆ ಗರಿಷ್ಠ ಎಷ್ಟು ಅಂತ ಡಾಕ್ಟರಿಂದಲೇ ಬರೆಸಿಕೊಳ್ಳಿ.

ಇನ್ನು ಕೊಡುವ ರೀತಿ. ಹತ್ತು ಜನರ ಮಾತ್ರೆಯನ್ನು ಹತ್ತು ಬಟ್ಟಲಿಗೆ ಮೊದಲೇ ಬಿಡಿಸಿ ತಟ್ಟೆಯಲ್ಲಿ ಹೊತ್ತು ತರುವ ಪದ್ಧತಿ ನಿಲ್ಲಿಸಿ. ಬಟ್ಟಲು ಅದಲುಬದಲಾದರೆ ಬಿಳಿ ಮಾತ್ರೆಗಳಲ್ಲಿ ಯಾವುದು ಯಾರದೆಂದು ಹೇಳಲಾಗದು. ಒಬ್ಬರದು ಮುಗಿದ ಮೇಲೆ ಇನ್ನೊಬ್ಬರದು. ‘ನೀವು ಸಾವಿತ್ರಮ್ಮ ಅಲ್ವಾ?’ ಅಂತ ಕೇಳಿದರೆ ಕಿವಿ ಕೇಳದವರೂ ತಲೆಯಾಡಿಸುತ್ತಾರೆ. ‘ನಿಮ್ಮ ಹೆಸರೇನಮ್ಮ?’ ಅಂತ ಕೇಳಬೇಕು. ಮರೆವಿನ ಕಾಯಿಲೆ ಇದ್ದವರ ಔಷಧ ದಾಖಲೆಯ ಹಾಳೆಗೆ ಫೋಟೊ ಅಂಟಿಸಿರಬೇಕು. ನೆಟ್ಟಗೆ ಕೂರಿಸಿ, ನೀರು ಕೊಟ್ಟು, ನುಂಗಿದ್ದು ಕಣ್ಣಾರೆ ಕಂಡ ಮೇಲೆ ಸಹಿ. ಸುತ್ತು ಶುರುವಾಗುವ ಮೊದಲೇ ಸಾಲಾಗಿ ಸಹಿ ಹಾಕಿಡುವ ಚಾಳಿ ಹಲವು ಕಡೆ ಇದೆ. ಮಧ್ಯೆ ಫೋನ್ ಬಂದು ಒಬ್ಬರು ತಪ್ಪಿದರೂ ದಾಖಲೆಯಲ್ಲಿ ಕೊಟ್ಟಂತೆಯೇ ಇರುತ್ತದೆ. ಸ್ಟ್ರಿಪ್ಪಿಂದ ತೆಗೆದವರೇ ಕೊಡಬೇಕು, ಕೊಟ್ಟವರೇ ಬರೆಯಬೇಕು. ಬೇಡವೆಂದವರ ಬಾಯಿಗೆ ತುರುಕದೆ ‘ನಿರಾಕರಿಸಿದರು’ ಅಂತ ಬರೆದು ಮೇಲಿನವರಿಗೆ ತಿಳಿಸಲಿ.

ಪ್ರಶ್ನೆ: ತಂದೆಗೆ ದಿನಾ 20 ಯೂನಿಟ್ ಇನ್ಸುಲಿನ್. ಹೋಂ ನರ್ಸ್ ಬೇರೆ ಸಿರಿಂಜ್ ತಂದ ಮೇಲೆ ಶುಗರ್ ಏರುತ್ತಲೇ ಇದೆ. – ಓದುಗರು, ಹುಬ್ಬಳ್ಳಿ

ಉತ್ತರ: ಬಾಟಲಿಯನ್ನೂ ಸಿರಿಂಜನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ ಮಿಲಿಲೀಟರ್‌ಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ 40ರ ಸಿರಿಂಜ್. ಕಿತ್ತಳೆ ಮುಚ್ಚಳದ್ದು 100ರ ಲೆಕ್ಕದ್ದು. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಬರುವುದು 0.2 ಮಿಲಿ, ಅಂದರೆ ಬರೀ 8 ಯೂನಿಟ್. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ. ಇದರ ತಿರುವುಮುರುವು ಇನ್ನೂ ಅಪಾಯ: ಇನ್ಸುಲಿನ್ ಪೆನ್ನಿನಲ್ಲಿರುವ 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿಗೆ 20ರ ಗೆರೆವರೆಗೆ ಎಳೆದರೆ 50 ಯೂನಿಟ್ ಒಳಗೆ ಹೋಗುತ್ತದೆ. ಪೆನ್ನಿನಿಂದ ಸಿರಿಂಜಿಗೆ ಎಳೆಯಲೇಬಾರದು. ಸಿರಿಂಜ್ ಸರಿಪಡಿಸುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಏರಿದ ಶುಗರ್ ನೋಡಿ ಈ ನಡುವೆ ಡೋಸ್ ಹೆಚ್ಚಿಸಿದ್ದರೆ, ಸರಿಯಾದ ಸಿರಿಂಜಿನಲ್ಲಿ ಅದು ತೀರಾ ಅತಿಯಾದೀತು.

ಮಸುಕು ಬಣ್ಣದ ಇನ್ಸುಲಿನ್ನನ್ನು ಕುಲುಕದೆ ಅಂಗೈಗಳ ನಡುವೆ ಉರುಳಿಸಬೇಕು. ಊಟಕ್ಕೆ ಮೊದಲು ಕೊಡುವುದಾದರೆ, ಊಟ ಸಿದ್ಧವಿದೆ ಎಂದು ಖಾತ್ರಿಯಾದ ಮೇಲೆ ಚುಚ್ಚಲಿ. ಶುಗರ್ 70ಕ್ಕಿಂತ ಇಳಿದು ಎಚ್ಚರ ಇದ್ದರೆ 15 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಿ 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಪ್ರಶ್ನೆ: ಅಜ್ಜಿಗೆ ನುಂಗಲು ಕಷ್ಟ. ಮಾತ್ರೆ ಪುಡಿಮಾಡಿ ರಾಗಿ ಗಂಜಿಗೆ ಬೆರೆಸಬಹುದೇ? – ಓದುಗರು, ಮಂಡ್ಯ

ಉತ್ತರ: ಎಲ್ಲವನ್ನೂ ಅಲ್ಲ. ಹೆಸರಿನ ಜೊತೆ ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್ ಎಂದಿದ್ದರೆ ಪುಡಿ ಮಾಡಬಾರದು. ದಿನವಿಡೀ ನಿಧಾನವಾಗಿ ಬಿಡಬೇಕಾದ ಔಷಧ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಅಸಿಡಿಟಿಗೆ ಕೊಡುವ ಪ್ಯಾಂಟೊಪ್ರಜೋಲ್‌ನಂಥವನ್ನು ಪುಡಿ ಮಾಡಿದರೆ ಹೊಟ್ಟೆಯ ಆಮ್ಲಕ್ಕೆ ಸಿಕ್ಕಿ ಕೆಡುತ್ತವೆ. ಬಟ್ಟಲು ಗಂಜಿಯಲ್ಲಿ ಅರ್ಧ ಬಿಟ್ಟರೆ ಡೋಸೂ ಅರ್ಧ. ಸಿರಪ್ ರೂಪ ಇದೆಯೇ ಎಂದು ಡಾಕ್ಟರನ್ನು ಕೇಳಿ. ಸಿರಪ್ಪನ್ನು ಅಡುಗೆಮನೆ ಚಮಚದಲ್ಲಿ ಅಲ್ಲ, ಗೆರೆಯಿರುವ ಮುಚ್ಚಳದಲ್ಲೋ ಸೂಜಿಯಿಲ್ಲದ ಸಿರಿಂಜಿನಲ್ಲೋ ಅಳೆಯಿರಿ.

ಪ್ರಶ್ನೆ: ರಾತ್ರಿಯ ಮಾತ್ರೆ ಮರೆತರೆ ಬೆಳಿಗ್ಗೆ ಎರಡು ಕೊಡಬಹುದೇ? – ಓದುಗರು, ಉಡುಪಿ

ಉತ್ತರ: ಬೇಡ. ತಪ್ಪಿದ್ದನ್ನು ಬರೆದಿಟ್ಟು ಡಾಕ್ಟರನ್ನು ಕೇಳಿ. ಮೂರ್ಛೆರೋಗದ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಇದ್ದರಂತೂ ತಡ ಮಾಡಬೇಡಿ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯದು. ದಿನಾ ಕೊಟ್ಟರೆ ಪ್ರಾಣಕ್ಕೇ ಕುತ್ತು. ವಾರದ ಯಾವ ದಿನ ಎಂದು ಚೀಟಿಯ ಮೇಲೂ ಡಬ್ಬಿಯ ಮೇಲೂ ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ.