ನೈಟ್ರೇಟ್ 40, ಫಾಸ್ಫೇಟ್ 0.3: ರೀಫ್ ಟ್ಯಾಂಕಿನಲ್ಲಿ ಮೊದಲು ಯಾವುದಕ್ಕೆ ಕೈ ಹಾಕಬೇಕು?

ನೀವು ಕೊಟ್ಟಿರುವ ವಿವರ ಇಷ್ಟು: ಮಂಡ್ಯದಲ್ಲಿ ಮನೆ, ಬೋರ್‌ವೆಲ್ ನೀರು, ಅಡುಗೆಮನೆಯಲ್ಲಿ ಆರ್‌ಒ ಫಿಲ್ಟರ್, 200 ಲೀಟರ್ ರೀಫ್ ಟ್ಯಾಂಕ್, ಅಂದರೆ ಹವಳ, ಮೀನು ಸಾಕುವ ಉಪ್ಪುನೀರಿನ ಟ್ಯಾಂಕ್. ಕೆಳಗೆ ಸಂಪ್ (ಫಿಲ್ಟರ್ ಸಾಮಾನು ಇಡುವ ಎರಡನೇ ತೊಟ್ಟಿ) ಇಲ್ಲ, ಹಿಂಬದಿಗೆ ನೇತುಹಾಕುವ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ಹೊರಹಾಕುವ ಯಂತ್ರ) ಇದೆ. ಐದು ಮೀನು, ದಿನಕ್ಕೆ ಮೂರು ಹೊತ್ತು ಆಹಾರ, ಮೆತ್ತನೆಯ ಹವಳಗಳು, ಜೊತೆಗೆ ಒಂದೆರಡು ಯೂಫಿಲಿಯಾ ಅನ್ನೋ ಗಟ್ಟಿ ಹವಳ. ನೈಟ್ರೇಟ್ 40 ಪಿಪಿಎಂ, ಫಾಸ್ಫೇಟ್ 0.3 ಪಿಪಿಎಂ, ಕಲ್ಲಿನ ಮೇಲೆಲ್ಲ ಹಸಿರು ಕೂದಲು ಪಾಚಿ. ಅಂಗಡಿಯವರು ಜಿಎಫ್‌ಒ (ಫಾಸ್ಫೇಟ್ ಹೀರುವ ಕಬ್ಬಿಣದ ಕಾಳು) ಹಾಕಿ ಅಂದರು, ಗೆಳೆಯರು ವೋಡ್ಕಾ (ನೈಟ್ರೇಟ್ ಎಳೆದುಕೊಳ್ಳುವ ಬ್ಯಾಕ್ಟೀರಿಯಾಗೆ ಇಂಗಾಲದ ಊಟ; ಇದೇ ಕಾರ್ಬನ್ ಡೋಸಿಂಗ್, ವಿನೆಗರ್ ಹಾಕೋದೂ ಇದಕ್ಕೇ) ಅಂದರು, ವಿಡಿಯೊದವರು ರೆಫ್ಯೂಜಿಯಂ (ಬೇರೆ ತೊಟ್ಟಿಯಲ್ಲಿ ಪಾಚಿ ಬೆಳೆಸಿ ನೀರು ಶುದ್ಧಮಾಡೋದು) ಅಂದರು. ಯಾವುದು ಸರಿ ಅಂತ ಕೇಳಿದ್ದೀರಿ.

ಮೂರೂ ಕೆಲಸ ಮಾಡುತ್ತವೆ. ಆದರೆ ನಿಮ್ಮ ಟ್ಯಾಂಕಿಗೆ ಮೊದಲು ಬೇಕಾಗಿರೋದು ಈ ಮೂರರಲ್ಲಿ ಯಾವುದೂ ಅಲ್ಲ. ಮೊದಲು ಒಳಗೆ ಹೋಗುವ ನೀರು ಸರಿಪಡಿಸಿ, ಆಮೇಲೆ ದೊಡ್ಡ ಪ್ರಮಾಣದ ನೀರು ಬದಲಾವಣೆ, ಆಮೇಲೆ ವಿನೆಗರ್. ಜಿಎಫ್‌ಒ ಬೇಕಾದರೆ ಕೊನೆಗೆ. ಈ ಕ್ರಮ ಯಾಕೆ ಅನ್ನೋದು ಒಂದು ಲೆಕ್ಕದಲ್ಲಿದೆ.

ಪಾಚಿಯಾಗಲಿ ಬ್ಯಾಕ್ಟೀರಿಯಾ ಆಗಲಿ ಬೆಳೆಯುವಾಗ ನೈಟ್ರೋಜನ್, ಫಾಸ್ಫರಸ್ ಎರಡನ್ನೂ ಒಟ್ಟಿಗೆ ಎಳೆದುಕೊಳ್ಳುತ್ತವೆ. ಸಮುದ್ರದ ತೇಲುಜೀವಿಗಳಲ್ಲಿ ಈ ಪರಮಾಣು ಅನುಪಾತ ಸುಮಾರು 16ಕ್ಕೆ 1. ನಮ್ಮ ಟೆಸ್ಟ್ ಕಿಟ್ ತೋರಿಸುವ ಪಿಪಿಎಂಗೆ ತಿರುಗಿಸಿದರೆ 10 ನೈಟ್ರೇಟ್‌ಗೆ 1 ಫಾಸ್ಫೇಟ್ ಅಂತ ಇಟ್ಟುಕೊಳ್ಳಿ. ನಿಮ್ಮ ನೀರಿನಲ್ಲಿರೋ 0.3 ಫಾಸ್ಫೇಟ್ ಪೂರ್ತಿ ಖರ್ಚಾದರೂ ಅದರ ಜೊತೆ ಹೋಗುವ ನೈಟ್ರೇಟ್ ಬರೀ 3. ಉಳಿದ 37 ಅಲ್ಲೇ ಕೂತಿರುತ್ತೆ. ಕಲ್ಲು, ಮರಳಿನಲ್ಲಿ ಅಂಟಿಕೊಂಡಿರೋ ಫಾಸ್ಫೇಟ್ ಮೆಲ್ಲಗೆ ಬಿಡುಗಡೆಯಾಗೋದರಿಂದ, ಮತ್ತು ಆಮ್ಲಜನಕ ಇಲ್ಲದ ಸಂದುಗಳಲ್ಲಿ ನೈಟ್ರೇಟ್ ನೇರವಾಗಿ ಸಾರಜನಕ ಅನಿಲವಾಗಿ ಹೋಗೋದರಿಂದ, ನಿಜವಾದ ಟ್ಯಾಂಕಿನಲ್ಲಿ ಲೆಕ್ಕ ಇಷ್ಟು ಬಿಗಿಯಾಗಿರಲ್ಲ. ಆದರೂ ದಿಕ್ಕು ಅದೇ. ಈಗಲೇ ಜಿಎಫ್‌ಒ ಸುರಿದು ಫಾಸ್ಫೇಟ್ ಸೊನ್ನೆ ಮಾಡಿದರೆ ಬ್ಯಾಕ್ಟೀರಿಯಾಗೂ ಊಟ ಇಲ್ಲ, ಹವಳಕ್ಕೂ ಇಲ್ಲ. ಆಮೇಲೆ ವೋಡ್ಕಾ ಎಷ್ಟು ಹಾಕಿದರೂ ನೈಟ್ರೇಟ್ ಅಲ್ಲಾಡಲ್ಲ. "ಕಾರ್ಬನ್ ಡೋಸಿಂಗ್ ನಮಗೆ ಕೆಲಸ ಮಾಡಲಿಲ್ಲ" ಅನ್ನುವವರ ಫಾಸ್ಫೇಟ್ ರೀಡಿಂಗ್ ಮೊದಲು ಕೇಳಿ.

ಈಗ ನೀರಿನ ವಿಷಯ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಬಯಲಿನಲ್ಲಿ ಭತ್ತ, ಕಬ್ಬಿಗೆ ಹಾಕಿದ ಯೂರಿಯಾದ ಒಂದು ಪಾಲು ನೈಟ್ರೇಟ್ ಆಗಿ ಕೆಳಗಿಳಿಯುತ್ತೆ, ಬೋರ್‌ವೆಲ್ ನೀರಿನಲ್ಲಿ ಅದು ಸಿಗೋದು ಆಶ್ಚರ್ಯವಲ್ಲ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡವೇ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ತನಕ ಒಪ್ಪುತ್ತೆ. ಮನುಷ್ಯರಿಗೆ ಸರಿ, ರೀಫ್‌ಗೆ ಅಲ್ಲ. ಮನೆಯ ಆರ್‌ಒ ಫಿಲ್ಟರ್ ಇದೆಯಲ್ಲ ಅಂತ ಬರೆದಿದ್ದೀರಿ. ಅಡುಗೆಮನೆಯ ಬಹಳಷ್ಟು ಫಿಲ್ಟರ್‌ಗಳಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರೋ ಲವಣಗಳ ಒಟ್ಟು ಪ್ರಮಾಣ) ಕಂಟ್ರೋಲರ್ ಅನ್ನೋ ಸಣ್ಣ ತಿರುಪು ಇರುತ್ತೆ. ಮೆಂಬ್ರೇನ್ ದಾಟಿ ಬಂದ ನೀರಿಗೆ ರುಚಿಗೋಸ್ಕರ ಅದು ಒಂದಿಷ್ಟು ಹಸಿ ನೀರನ್ನೇ ಬೆರೆಸುತ್ತೆ. ಜೊತೆಗೆ ಮಿನರಲ್ ಕಾರ್ಟ್ರಿಜ್ ಬೇರೆ. ಟಿಡಿಎಸ್ ಮೀಟರ್ ಅದ್ದಿ ನೋಡಿ: 50, 80 ತೋರಿಸಿದರೆ ಆ ನೀರು ಬೇಡ. ತಿರುಪನ್ನು ಪೂರ್ತಿ ಮುಚ್ಚಿಸಿ, ಮಿನರಲ್ ಕಾರ್ಟ್ರಿಜ್‌ಗೆ ಮುಂಚೆಯೇ ಪೈಪಿಗೆ ಒಂದು 'T' ಆಕಾರದ ಜೋಡಣೆ ಕೂರಿಸಿ, ಅಲ್ಲಿಂದ ಬರುವ ನೀರನ್ನು ಬಣ್ಣ ಬದಲಾಗುವ ಡಿಐ ರೆಸಿನ್ (ಉಳಿದ ಲವಣ ಹಿಡಿಯುವ ಕಾಳು) ತುಂಬಿದ ಡಬ್ಬಿಯ ಮೂಲಕ ಹಾಯಿಸಿ. ಕೊನೆಗೆ ಮೀಟರ್ ಸೊನ್ನೆ ತೋರಿಸಬೇಕು. ನೈಟ್ರೇಟ್ ತಡೆಯೋದರಲ್ಲಿ ಮೆಂಬ್ರೇನ್ ಸ್ವಲ್ಪ ಸಡಿಲ, ಅದಕ್ಕೇ ರೆಸಿನ್ ಬೇಕು. ಮೀಟರ್ 1, 2 ತೋರಿಸಲು ಶುರುವಾದಾಗ ರೆಸಿನ್ ಬದಲಿಸಿಬಿಡಿ, ತುಂಬಿಹೋದ ರೆಸಿನ್ ಹಿಡಿದಿದ್ದನ್ನು ವಾಪಸ್ ಬಿಡುತ್ತೆ. ಮೈಸೂರಿನ ಕಾವೇರಿ, ಕಬಿನಿ ನಲ್ಲಿ ನೀರಿಗೂ ಇದೇ ವ್ಯವಸ್ಥೆ ಬೇಕು. ಅಲ್ಲಿ ಕ್ಲೋರಿನ್ ಇರೋದರಿಂದ ಮೆಂಬ್ರೇನ್‌ಗೆ ಮುಂಚೆ ಒಳ್ಳೆ ಕಾರ್ಬನ್ ಬ್ಲಾಕ್ ಇರಲೇಬೇಕು.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಕಲ್ಲು ಬಿಟ್ಟರೆ ನಿಮ್ಮ ಟ್ಯಾಂಕಿನಲ್ಲಿ ನಿಜವಾದ ನೀರು ಸುಮಾರು 180 ಲೀಟರ್. ವಾರಕ್ಕೆ 45 ಲೀಟರ್, ಅಂದರೆ ಕಾಲುಭಾಗ ಬದಲಿಸಿದರೆ ನೈಟ್ರೇಟ್ 40ರಿಂದ 30, 22.5, 17, ನಾಲ್ಕನೇ ವಾರಕ್ಕೆ 13ರ ಹತ್ತಿರ ಬರುತ್ತೆ. ಹೊಸ ನೀರಿನಲ್ಲೇ 10 ಇದ್ದರೆ ನಾಲ್ಕು ವಾರ ಕಳೆದರೂ 19ರ ಮೇಲೇ ಇರುತ್ತೆ, 10ಕ್ಕಿಂತ ಕೆಳಗೆ ಯಾವತ್ತೂ ಇಳಿಯಲ್ಲ. ಮೀನಿನ ಆಹಾರದಿಂದ ಸೇರೋದು ಇದರ ಮೇಲೆ. ವಾರಕ್ಕೆ ಬರೀ 18 ಲೀಟರ್ ಬದಲಿಸುತ್ತಿದ್ದೀರಿ ಅಂದರೆ ಇಳಿಯೋದು 4. ಆಹಾರದಿಂದ ವಾರಕ್ಕೆ 4 ಸೇರುತ್ತಿದ್ದರೆ ಟ್ಯಾಂಕ್ 40ರಲ್ಲೇ ನಿಂತುಬಿಡುತ್ತೆ. ನಿಮ್ಮಲ್ಲಿ ಆಗಿರೋದು ಇದೇ ಅನ್ನೋದು ನನ್ನ ಅಂದಾಜು.

45 ಲೀಟರಿಗೆ ಸುಮಾರು 1.7 ಕೆಜಿ ಉಪ್ಪು ಹಿಡಿಯುತ್ತೆ. ಲವಣಾಂಶ, ಉಷ್ಣತೆ ಟ್ಯಾಂಕಿಗೆ ಸರಿಹೊಂದಿರಲಿ. ಆಲ್ಕಲಿನಿಟಿಯನ್ನೂ (ಪಿಎಚ್ ಏರಿಳಿತ ತಡೆಯುವ ಶಕ್ತಿ, ಅಳತೆ ಡಿಕೆಎಚ್‌ನಲ್ಲಿ) ನೋಡಿ: ಕೆಲವು ಉಪ್ಪುಗಳು 11, 12 ಡಿಕೆಎಚ್‌ಗೆ ಕರಗುತ್ತವೆ, ನಿಮ್ಮ ಟ್ಯಾಂಕ್ 8ರಲ್ಲಿದ್ದರೆ ಕಾಲುಭಾಗ ಬದಲಿಸಿದ ದಿನವೇ ಅದು 9ರ ಹತ್ತಿರ ಹಾರುತ್ತೆ. ಅಂಥ ಉಪ್ಪಾದರೆ ಆ 45 ಲೀಟರನ್ನೇ ಅರ್ಧರ್ಧ ಮಾಡಿ ವಾರಕ್ಕೆ ಎರಡು ಸಲ ಬದಲಿಸೋದು ಮೇಲು. ನೀರು ತೆಗೆಯುವಾಗ ಕೂದಲು ಪಾಚಿಯನ್ನು ಕೈಯಲ್ಲಿ ಕೀಳುತ್ತಾ ಪೈಪಿನ ಬಾಯನ್ನು ಪಕ್ಕದಲ್ಲೇ ಹಿಡಿಯಿರಿ. ಪಾಚಿಯೊಳಗೆ ಸೇರಿದ ನೈಟ್ರೇಟ್, ಫಾಸ್ಫೇಟ್ ಯಾವ ಟೆಸ್ಟ್ ಕಿಟ್‌ನಲ್ಲೂ ಕಾಣಲ್ಲ, ಕಿತ್ತು ಹಾಕಿದ ಪ್ರತಿ ಹಿಡಿಯೂ ನಿಜವಾದ ಇಳಿಕೆ.

ಫ್ರೋಜನ್ ಆಹಾರ ತೊಳೆದು ಹಾಕೋದರಿಂದ ಹೆಚ್ಚು ಲಾಭ ಇಲ್ಲ, ಫಾಸ್ಫರಸ್‌ನ ಬಹುಪಾಲು ಮಾಂಸದೊಳಗೇ ಇರುತ್ತೆ. ಹಾಕುವ ಪ್ರಮಾಣ ಇಳಿಸಿ. ಐದು ಮೀನಿಗೆ ದಿನಕ್ಕೆ ಮೂರು ಹೊತ್ತು ಜಾಸ್ತಿಯಾಯಿತು.

ನೈಟ್ರೇಟ್ 15ರ ಆಸುಪಾಸಿಗೆ ಬಂದಮೇಲೂ ಮತ್ತೆ ಏರುತ್ತಿದ್ದರೆ ವಿನೆಗರ್ ಶುರು ಮಾಡಿ. ವೋಡ್ಕಾಗಿಂತ ವಿನೆಗರ್ ಯಾಕೆ ಅಂದರೆ ಅದು ತೆಳು. ಒಂದು ಮಿಲಿ ಹೆಚ್ಚುಕಮ್ಮಿ ಆದರೂ ಅನಾಹುತ ಆಗಲ್ಲ. 40 ಪ್ರತಿಶತದ ವೋಡ್ಕಾ ಒಂದು ಮಿಲಿಗೆ 5 ಪ್ರತಿಶತದ ವಿನೆಗರ್ ಸುಮಾರು 8 ಮಿಲಿ ಸಮ. ದಿನಸಿ ಅಂಗಡಿಯ ಬಿಳಿ ಸಿಂಥೆಟಿಕ್ ವಿನೆಗರ್ ಸಾಕು. ಲೇಬಲ್ ಓದಿ: ಅಸಿಟಿಕ್ ಆಮ್ಲ ಸಾಮಾನ್ಯವಾಗಿ 4 ಪ್ರತಿಶತ ಇರುತ್ತೆ, ಬಣ್ಣ, ಸಕ್ಕರೆ, ವಾಸನೆ ಏನೂ ಸೇರಿರಬಾರದು. ನಿಮ್ಮ 180 ಲೀಟರಿಗೆ ಮೊದಲ ಮೂರು ದಿನ ದಿನಕ್ಕೆ 2 ಮಿಲಿ, ನಂತರದ ನಾಲ್ಕು ದಿನ 4 ಮಿಲಿ, ಆಮೇಲೆ ವಾರಕ್ಕೊಮ್ಮೆ ದಿನದ ಪ್ರಮಾಣಕ್ಕೆ 3 ಮಿಲಿ ಸೇರಿಸಿ. ನೈಟ್ರೇಟ್ ಇಳಿಯಲು ಶುರುವಾದ ದಿನ ಏರಿಸೋದು ನಿಲ್ಲಿಸಿ, ಅದೇ ಪ್ರಮಾಣದಲ್ಲಿ ಇರಿ. 5ರ ಹತ್ತಿರ ಬಂದಾಗ ಪ್ರಮಾಣ ಅರ್ಧ ಮಾಡಿ. ದಿನಕ್ಕೆ 30 ಮಿಲಿ ತಲುಪಿದರೂ ಏನೂ ಬದಲಾಗದಿದ್ದರೆ ಇನ್ನೂ ಏರಿಸಬೇಡಿ, ಫಾಸ್ಫೇಟ್ ಅಳೆಯಿರಿ.

ವಿನೆಗರ್ ತಾನಾಗಿ ನೈಟ್ರೇಟ್ ತಿನ್ನಲ್ಲ. ಅದನ್ನು ತಿಂದು ಬೆಳೆದ ಬ್ಯಾಕ್ಟೀರಿಯಾವನ್ನು ಸ್ಕಿಮ್ಮರ್ ಹೊರಗೆ ಹಾಕಬೇಕು. ಸ್ಕಿಮ್ಮರ್ ಕೆಟ್ಟರೆ ಆವತ್ತಿನಿಂದ ವಿನೆಗರ್ ಬಂದ್. ಬ್ಯಾಕ್ಟೀರಿಯಾ ಆಮ್ಲಜನಕ ಬಳಸುತ್ತೆ. ಅದಕ್ಕೇ ಡೋಸ್ ಬೆಳಗ್ಗೆ, ಲೈಟ್ ಹತ್ತಿ ಒಂದೆರಡು ಗಂಟೆಯಾದಮೇಲೆ, ಪಂಪಿನ ಹರಿವು ಜೋರಿರುವ ಕಡೆ ನಿಧಾನವಾಗಿ. ನೀರು ಹಾಲಿನ ಹಾಗೆ ಬಿಳಿಚಿದರೆ ಡೋಸ್ ನಿಲ್ಲಿಸಿ, ಏರ್ ಪಂಪ್ ಹಾಕಿ. ಏಪ್ರಿಲ್ ಸೆಕೆಯಲ್ಲಿ ನೀರು ಬಿಸಿಯಾದಷ್ಟೂ ಆಮ್ಲಜನಕ ಕಡಿಮೆ, ಅದರ ಜೊತೆ ರಾತ್ರಿ ಕರೆಂಟ್ ಹೋದರೆ ಬೆಳಗಾಗುವಷ್ಟರಲ್ಲಿ ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತಿರುತ್ತವೆ. ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಇಲ್ಲದೆ ಕಾರ್ಬನ್ ಡೋಸಿಂಗ್‌ಗೆ ಇಳಿಯಬೇಡಿ ಅಂತ ಕಟ್ಟುನಿಟ್ಟಾಗಿ ಹೇಳುತ್ತೇನೆ. ಕೆಂಪು, ನೇರಳೆ ಬಣ್ಣದ ಲೋಳೆ ಹಾಳೆ ಮರಳಿನ ಮೇಲೆ ಹರಡಿದರೆ ಅದು ಸಯನೋ ಬ್ಯಾಕ್ಟೀರಿಯಾ, ಪ್ರಮಾಣ ಮೂರನೇ ಒಂದು ಭಾಗ ಇಳಿಸಿ, ಹರಿವು ಹೆಚ್ಚಿಸಿ.

ರೆಫ್ಯೂಜಿಯಂ ನನಗೂ ಇಷ್ಟ. ಕೀಟೋ ಪಾಚಿ ರಾತ್ರಿ ಬೆಳಕಿನಲ್ಲಿ ಬೆಳೆದು ಪಿಎಚ್ ಬೀಳೋದನ್ನೂ ತಡೆಯುತ್ತೆ, ಮಿತಿಮೀರಿದರೂ ಟ್ಯಾಂಕ್ ಕೆಡಲ್ಲ. ಆದರೆ 20 ಲೀಟರ್ ಆದರೂ ಜಾಗ ಬೇಕು, ಸಂಪ್ ಇಲ್ಲದ ನಿಮಗೆ ಈಗ ಅದು ಆಗಲ್ಲ. ಮುಂದೆ ಸಂಪ್ ಕಟ್ಟಿಸಿದರೆ ವಿನೆಗರ್ ಬಿಟ್ಟು ಇದಕ್ಕೆ ಬನ್ನಿ.

ನೈಟ್ರೇಟ್ 10ರ ಒಳಗೆ ಬಂದು ಫಾಸ್ಫೇಟ್ ಇನ್ನೂ 0.15ರ ಮೇಲಿದ್ದರೆ ಆಗ ಜಿಎಫ್‌ಒ. ಡಬ್ಬಿಯ ಮೇಲೆ ಬರೆದ ಪ್ರಮಾಣದ ಕಾಲುಭಾಗ ಮಾತ್ರ, ಆರ್‌ಒ ನೀರಿನಲ್ಲಿ ಕೆಂಪು ಪುಡಿ ಹೋಗುವ ತನಕ ತೊಳೆದು, ಸಣ್ಣ ರಿಯಾಕ್ಟರ್‌ನಲ್ಲಿ (ಕಾಳಿನ ಮೂಲಕ ನೀರು ಹಾಯಿಸುವ ಡಬ್ಬಿ) ಮೇಲ್ಪದರ ಸ್ವಲ್ಪ ಅಲುಗಾಡುವಷ್ಟು ಹರಿವು. ಹರಿವು ಜೋರಾಗಿ ಕುದಿಯೋ ಹಾಗೆ ಉರುಳಿದರೆ ಕಾಳುಗಳು ಉಜ್ಜಿ ಪುಡಿಯಾಗುತ್ತವೆ. ವಾರಕ್ಕೆ 0.05ಕ್ಕಿಂತ ವೇಗವಾಗಿ ಇಳಿಸಬೇಡಿ. ಎರಡು ದಿನ ಇಳಿದು ಮತ್ತೆ ಏರಿದರೆ ಗಾಬರಿ ಬೇಡ, ಅದು ಕಲ್ಲು ಬಿಡುತ್ತಿರೋ ಹಳೆ ಸಾಲ. ಫಾಸ್ಫೇಟ್ ಇಳಿಸಲು ಲ್ಯಾಂಥನಂ ಕ್ಲೋರೈಡ್ ಹನಿ ಯಾರಾದರೂ ಹೇಳಿದರೆ ಕೇಳಬೇಡಿ. ಅದರ ನುಣುಪು ಕೆಸರು ಹಿಡಿಯಲು 10 ಮೈಕ್ರಾನ್ ಸಾಕ್ ಬೇಕು, ಸಂಪ್ ಇಲ್ಲದೆ ಆ ಕೆಸರೆಲ್ಲ ಮೀನಿನ ಕಿವಿರಿಗೆ ಹೋಗುತ್ತೆ.

ಗುರಿ ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1. ಎರಡೂ ಸೊನ್ನೆಯಾದರೆ ಹವಳ ಬಿಳಿಚುತ್ತೆ, ಗುಳ್ಳೆ ಹಿಡಿದ ಕಂದು ಲೋಳೆ, ಅಂದರೆ ಡೈನೋ (ಡೈನೋಫ್ಲ್ಯಾಜೆಲೇಟ್), ಬರುತ್ತೆ. ಅದನ್ನು ಓಡಿಸೋದು ಕೂದಲು ಪಾಚಿಗಿಂತ ಹತ್ತು ಪಟ್ಟು ಕಷ್ಟ. ನಾಳೆ ಬೆಳಗ್ಗೆ ಮಾಡಬೇಕಾದ ಕೆಲಸ ಒಂದೇ: ನೈಟ್ರೇಟ್ ಕಿಟ್‌ನಿಂದ ಬೋರ್‌ವೆಲ್ ನೀರು, ಆರ್‌ಒ ನೀರು ಎರಡನ್ನೂ ಅಳೆಯಿರಿ. ರಿಏಜೆಂಟ್ ಪುಡಿ ತಳದಲ್ಲಿ ಕೂತಿದ್ದರೆ ರೀಡಿಂಗ್ ಕಡಿಮೆ ಬರುತ್ತೆ, ಚೆನ್ನಾಗಿ ಅಲುಗಾಡಿಸಿ. ಆ ಎರಡು ಸಂಖ್ಯೆ ಇಲ್ಲಿ ಬರೆಯಿರಿ, ರೆಸಿನ್ ಎಷ್ಟು ಬೇಕಾಗುತ್ತೆ ಅಂತ ಲೆಕ್ಕ ಹಾಕೋಣ.