ದೊಂದಿ ಬೆಳಕಿನ ಬಣ್ಣದ ವೇಷ: ಬ್ಲೆಂಡರ್‌ನಲ್ಲಿ ಎಷ್ಟು, ಕ್ರೀಟಾದಲ್ಲಿ ಎಷ್ಟು

ನೀವು ಹಾಕಿದ ಮೂರೂ ಸ್ಕೆಚ್ ನೋಡಿದೆ. ಯಕ್ಷಗಾನದ ತೆಂಕುತಿಟ್ಟು ಶೈಲಿಯ ಬಣ್ಣದ ವೇಷ (ರಾಕ್ಷಸ ಪಾತ್ರ) ಜನರ ನಡುವಿನಿಂದ ರಂಗಸ್ಥಳಕ್ಕೆ ಬರುವ ಹೊತ್ತು, ಎರಡೂ ಪಕ್ಕ ದೊಂದಿ, ರಾಳದ ಪುಡಿ ಎರಚಿದಾಗ ಭಗ್ಗೆನ್ನುವ ಬೆಂಕಿ. ಒಳ್ಳೆಯ ವಸ್ತು. ಗೆರೆ ಬರುತ್ತದೆ ಆದರೆ ಮುಖದ ಮೇಲೆ ಬೆಳಕು ಕೂರುತ್ತಿಲ್ಲ, 3ಡಿ ಮೂರ್ತಿ ಕೆತ್ತುವ ಝೀಬ್ರಷ್ ತಂತ್ರಾಂಶ ತಗೊಳ್ಳಲೇಬೇಕಾ, 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಸಾಕಾ ಅಂತ ಕೇಳಿದ್ದೀರಿ.

ಸಾಕು. ಝೀಬ್ರಷ್‌ಗೆ ಚಂದಾ ಕಟ್ಟಬೇಕು, ಈ ಚಿತ್ರಕ್ಕೆ ಅದು ಬೇಡ. 3ಡಿ ಆಕಾರ ಮಾಡುವ ಬ್ಲೆಂಡರ್, ಚಿತ್ರ ಬರೆಯುವ ಕ್ರೀಟಾ ಎರಡೂ ಉಚಿತ. ನೀವು ಮೂರ್ತಿ ಮಾಡಲು ಹೊರಟಿಲ್ಲ, ಚಿತ್ರ ಬರೆಯಲು ಹೊರಟಿದ್ದೀರಿ. ಬೆಂಕಿಯ ಬೆಳಕು ಆ ಕಿರೀಟ, ಭುಜಕೀರ್ತಿ, ಚುಟ್ಟಿಯ (ಹಿಟ್ಟಿನಿಂದ ಮುಖದ ಮೇಲೆ ಇಡುವ ಅಲಂಕಾರ) ಮುಳ್ಳುಗಳ ಮೇಲೆ ಎಲ್ಲಿ ಬೀಳುತ್ತದೆ, ಯಾವುದರ ನೆರಳು ಯಾವುದರ ಮೇಲೆ ಅಂತ ಊಹಿಸಿ ಬರೆಯುವುದು ನುರಿತವರಿಗೂ ಕಷ್ಟ. ಆ ಒಂದು ಉತ್ತರ ಸಿಗುವಷ್ಟು ಮಾತ್ರ ಬ್ಲೆಂಡರ್‌ನಲ್ಲಿ ಸ್ಕಲ್ಪ್ಟ್ ಮಾಡಿ (ಆಕಾರ ಕೆತ್ತಿ), ಅಲ್ಲಿಗೆ ನಿಲ್ಲಿಸಿ.

ಮೊದಲು ಕ್ಯಾಮೆರಾ ಇಡಿ. ನಿಮ್ಮ ಎರಡನೇ ಸ್ಕೆಚ್‌ನ ಕೋನ ಚೆನ್ನಾಗಿದೆ: ನೆಲದಲ್ಲಿ ಕೂತವರ ಕಣ್ಣಿನ ಎತ್ತರ, 35 ಎಂಎಂ ಲೆನ್ಸ್, ಮೇಲಕ್ಕೆ ನೋಟ. ಕ್ಯಾಮೆರಾಗೆ ಕಾಣದ ಬೆನ್ನು, ಕಿರೀಟದ ಹಿಂಭಾಗ ಮುಟ್ಟಲೇಬೇಡಿ. ಒಂದು ಗೋಳದಿಂದ ತಲೆ ಶುರು ಮಾಡಿ. ಎಕ್ಸ್ ಸಿಮೆಟ್ರಿ ಹಾಕಿಕೊಂಡು ಗ್ರ್ಯಾಬ್ ಬ್ರಷ್‌ನಿಂದ ದವಡೆ, ಹುಬ್ಬು, ಕೆನ್ನೆ ಎಳೆಯಿರಿ, ಆಮೇಲೆ ಕ್ಲೇ ಸ್ಟ್ರಿಪ್ಸ್. ವೋಕ್ಸೆಲ್ ರೀಮೆಶ್ (ಮೇಲ್ಮೈಯನ್ನು ಒಂದೇ ಅಳತೆಯ ಪುಟ್ಟ ಚೌಕಗಳಲ್ಲಿ ಮತ್ತೆ ಕಟ್ಟುವುದು) ಮಾಡುವ ಮುಂಚೆ ಸ್ಕೇಲ್ ಅಪ್ಲೈ ಮಾಡುವುದು ಮರೆಯಬೇಡಿ. ಬ್ಲೆಂಡರ್ ಕೊಡುವ ಗೋಳದ ಅಳತೆಗೆ ವೋಕ್ಸೆಲ್ ಗಾತ್ರ 0.05ರಿಂದ ಆರಂಭಿಸಿ, ಆಕಾರ ಒಪ್ಪಿದ ಮೇಲೆ 0.02ಕ್ಕೆ ಇಳಿಸಿ. ವೋಕ್ಸೆಲ್ ಅರ್ಧ ಮಾಡಿದರೆ ಪಾಲಿಗನ್ ಸುಮಾರು ನಾಲ್ಕು ಪಟ್ಟಾಗುತ್ತದೆ. ಲ್ಯಾಪ್‌ಟಾಪ್ ತಡವರಿಸುವುದು ಇಲ್ಲೇ, ಆದ್ದರಿಂದ ಆತುರಪಟ್ಟು ಇಳಿಸಬೇಡಿ.

ಇನ್ನು ಚುಟ್ಟಿ. ನಾನು ಮೊದಲ ಸಲ ಇಂಥದ್ದೇ ಮುಖ ಮಾಡಿದಾಗ ಮುಳ್ಳುಗಳನ್ನೆಲ್ಲ ಸ್ನೇಕ್ ಹುಕ್ ಬ್ರಷ್‌ನಿಂದ ಮುಖದಿಂದಲೇ ಎಳೆದು ತೆಗೆದಿದ್ದೆ. ಒಂದು ರೀಮೆಶ್ ಕೊಟ್ಟ ತಕ್ಷಣ ಅರ್ಧ ಮುಳ್ಳು ಮಾಯ, ಎರಡು ಸಂಜೆಯ ಕೆಲಸ ಹೋಯಿತು. ವೋಕ್ಸೆಲ್‌ಗಿಂತ ತೆಳುವಾದದ್ದನ್ನು ರೀಮೆಶ್ ಉಳಿಸಿಕೊಳ್ಳುವುದಿಲ್ಲ. ಒಂದು ಪುಟ್ಟ ಶಂಕು ಮಾಡಿ, ಬೇರೆ ಆಬ್ಜೆಕ್ಟಾಗಿಯೇ ಇಟ್ಟು, ಒಂದು ಕೆನ್ನೆಯ ಸಾಲಿಗೆ ನಕಲು ಮಾಡಿ, ಇನ್ನೊಂದು ಕೆನ್ನೆಗೆ ಮಿರರ್ ಮಾಡಿ. ಕೊನೆಗೆ ಮಿರರ್ ಅಪ್ಲೈ ಮಾಡಿ ಅಲ್ಲೊಂದು ಇಲ್ಲೊಂದು ಮುಳ್ಳನ್ನು ಸ್ವಲ್ಪ ಸೊಟ್ಟ ಮಾಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಕೈಯಲ್ಲಿ ಇಟ್ಟ ಚುಟ್ಟಿ ಅಚ್ಚಿನಲ್ಲಿ ತೆಗೆದಂತೆ ಕಂಡರೆ ವೇಷದ ಜೀವ ಹೋಗುತ್ತದೆ. ಕಿರೀಟದ ಕುಸುರಿ, ಆಭರಣದ ಮಣಿ ಇವಕ್ಕೆಲ್ಲ ದಪ್ಪ ಆಕಾರ ಸಾಕು, ಉಳಿದದ್ದು ಬ್ರಷ್‌ನಲ್ಲಿ.

ಈಗ ಬೆಳಕು. ಎರಡು ದೊಂದಿಗೆ ಎರಡು ಪಾಯಿಂಟ್ ಲೈಟ್, ದೊಂದಿ ಹಿಡಿದವರ ಕೈ ಎಷ್ಟು ಎತ್ತರದಲ್ಲಿ ಇರುತ್ತದೋ ಅಲ್ಲಿ. ಮೂರನೆಯದು ರಾತ್ರಿ ಆಕಾಶದ ಮಂಕು ಬೆಳಕು. ಮೈಗೆಲ್ಲ ಒಂದೇ ಬೂದು ಮೆಟೀರಿಯಲ್ ಕೊಟ್ಟು, ಮೂರು ದೀಪಕ್ಕೆ ಮೂರು ರೆಂಡರ್ (ಬೆಳಕು ಬಿದ್ದ ಚಿತ್ರ) ತೆಗೆಯಿರಿ, ಒಂದು ಉರಿಯುವಾಗ ಉಳಿದೆರಡು ಆರಿರಲಿ. ವ್ಯೂ ಟ್ರಾನ್ಸ್‌ಫಾರ್ಮ್ 'ಸ್ಟ್ಯಾಂಡರ್ಡ್' ಇಟ್ಟು 16 ಬಿಟ್ ಪಿಎನ್‌ಜಿಗೆ ಉಳಿಸಿ. ಬ್ಲೆಂಡರ್‌ನ ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ನಿಧಾನವಾದರೂ ಒಂದೇ ಫ್ರೇಮ್ ತಾನೇ. 128 ಸ್ಯಾಂಪಲ್ ಹಾಕಿ ಡಿನಾಯ್ಸ್ ಆನ್ ಮಾಡಿದರೆ ಸಾಕು. ಜೊತೆಗೆ ಆಂಬಿಯೆಂಟ್ ಅಕ್ಲೂಷನ್ ಪಾಸ್ (ಸಂದುಗಳ ನೆರಳು ಮಾತ್ರ), ಮಿಸ್ಟ್ ಪಾಸ್ (ದೂರ ಹೆಚ್ಚಿದಷ್ಟೂ ಬಿಳಿ) ಎರಡನ್ನೂ ತೆಗೆದಿಟ್ಟುಕೊಳ್ಳಿ.

ಕ್ರೀಟಾದಲ್ಲಿ ತಳಕ್ಕೆ ಕಪ್ಪು, ಮೇಲೆ ಮೂರೂ ರೆಂಡರ್ 'ಸ್ಕ್ರೀನ್' ಮೋಡ್‌ನಲ್ಲಿ. ಈ ವಿಧಾನದಲ್ಲಿ ನನಗೆ ಅತ್ಯಂತ ಇಷ್ಟವಾದ ಘಳಿಗೆ ಇದು. ಎಡ ದೊಂದಿಯ ಲೇಯರ್ ಮಂಕು ಮಾಡಿ, ಬಲದ್ದನ್ನು ಕೆಂಪಿಗೆ ತಿರುಗಿಸಿ, ರಾಳ ಎರಚಿದ ಕ್ಷಣ ಬೇಕಾದರೆ ಒಂದನ್ನು ಜೋರು ಮಾಡಿ. ಮತ್ತೆ ರೆಂಡರ್ ಮಾಡದೆ ಹತ್ತು ರಾತ್ರಿಗಳನ್ನು ನೋಡಬಹುದು. ಒಪ್ಪಿದ ಮೇಲೆ ಗುಂಪು ಮಾಡಿ, ಮೇಲೊಂದು 'ಮಲ್ಟಿಪ್ಲೈ' ಲೇಯರ್‌ನಲ್ಲಿ ಮುಖದ ಕೆಂಪು, ಕಪ್ಪು, ಚುಟ್ಟಿಯ ಬಿಳಿ ತುಂಬಿ. ಅಕ್ಲೂಷನ್ ಪಾಸ್ ಕೂಡ ಮಲ್ಟಿಪ್ಲೈ, ಆದರೆ ಅದರ ಒಪಾಸಿಟಿ 30 ಶೇಕಡಾ ಮೀರದಿರಲಿ, ಮೀರಿದರೆ ಮಸಿ ಬಳಿದಂತೆ ಕಾಣುತ್ತದೆ. ಮಿಸ್ಟ್ ಪಾಸನ್ನು ಹೊಗೆಯ ಲೇಯರ್‌ಗೆ ಮಾಸ್ಕ್ ಮಾಡಿದರೆ ಹೊಗೆ ವೇಷದ ಹಿಂದಕ್ಕೆ ತಾನಾಗಿ ಸರಿಯುತ್ತದೆ.

ಇಲ್ಲಿಂದ ಮುಂದೆ ನಾರ್ಮಲ್ ಲೇಯರ್, ಅಪಾರದರ್ಶಕ ಬ್ರಷ್. ದೊಂದಿಯ ಬೆಳಕಿನಲ್ಲಿ ಬಿಳಿ ಚುಟ್ಟಿ ಬಿಳಿಯಾಗಿ ಇರುವುದಿಲ್ಲ, ಹಳದಿ ಕಿತ್ತಳೆ ಆಗಿರುತ್ತದೆ. ಪ್ಯಾಲೆಟ್‌ನಿಂದ ಶುದ್ಧ ಬಿಳಿ ಎತ್ತಬೇಡಿ, ಕ್ಯಾನ್ವಾಸಿನಿಂದಲೇ ಬಣ್ಣ ಆರಿಸಿ. ಕಣ್ಣು, ಬಾಯಿ, ಬೆಂಕಿಗೆ ಹತ್ತಿರದ ಕೆನ್ನೆಗೆ ಸಮಯ ಕೊಡಿ, ಕತ್ತಲ ಬದಿಯ ಅಂಚುಗಳನ್ನು ಕರಗಿಸಿ. ರೆಂಡರ್ ಎಲ್ಲ ಅಂಚನ್ನೂ ಒಂದೇ ಹರಿತದಲ್ಲಿ ಕೊಟ್ಟಿರುತ್ತದೆ. ಅದನ್ನು ಹಾಗೇ ಬಿಟ್ಟರೆ ಪ್ಲಾಸ್ಟಿಕ್ ಗೊಂಬೆ. ನಿಮ್ಮ ಮೂರನೇ ಸ್ಕೆಚ್‌ನ ಎಡಗೈ ಗೆರೆ ಅಷ್ಟು ಬಿರುಸಾಗಿದೆ, ಅದನ್ನು ಸ್ಕಲ್ಪ್ಟ್‌ಗೆ ಒಗ್ಗಿಸಲು ಹೋಗದೆ ಬಣ್ಣದಲ್ಲೇ ನೇರ ಬರೆಯಿರಿ.

ಬಣ್ಣ ಶುರು ಮಾಡುವ ಮುಂಚೆ ಮೂರು ಬೂದು ರೆಂಡರ್‌ಗಳನ್ನು ಬಿಡಿಬಿಡಿಯಾಗಿ ಇಲ್ಲೇ ಹಾಕಿ. ದೀಪದ ಎತ್ತರ ಹೆಚ್ಚುಕಡಿಮೆ ಇದ್ದರೆ ಗುರುತು ಮಾಡಿ ಕಳಿಸುತ್ತೇನೆ.